“ಮೊದಲೇ ನೋಡ್ಕೋಬಾರದಿತ್ತಾ?”

ನನ್ನ ಬೋಳು ತಲೆ ನೋಡಿದವರು ಮೊದಲು ಕೇಳುವುದು, “ತಿರುಪತಿಗೆ ಹೋಗಿದ್ರಾ?” ಇಲ್ಲ ಅಂದರೆ ದನಿ ತಗ್ಗಿಸಿ, “ಕೀಮೋನಾ?” ಅದೂ ಅಲ್ಲ, ಇದು ಅಲೋಪೀಸಿಯಾ ಏರಿಯೇಟಾ, ಕೂದಲು ಪ್ಯಾಚ್ ಪ್ಯಾಚಾಗಿ ಉದುರುವ ಕಾಯಿಲೆ ಅಂದಾಗ ಮೂರನೆಯದು ಬರುತ್ತದೆ: “ಒಂದೇ ಪ್ಯಾಚ್ ಇದ್ದಾಗಲೇ ನೋಡ್ಕೋಬಾರದಿತ್ತಾ? ಇಷ್ಟಕ್ಕೆ ಯಾಕೆ ಬಿಟ್ರಿ?”

ಬಿಟ್ಟಿರಲಿಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೊದಲ ಪ್ಯಾಚ್ ಸಿಕ್ಕಿದ್ದು ಜಡೆ ಹಾಕುತ್ತಿದ್ದ ಅಮ್ಮನ ಕೈಗೆ. ರೂಪಾಯಿ ನಾಣ್ಯದಷ್ಟು ಜಾಗ, ಗುಂಡಗೆ, ನುಣ್ಣಗೆ. ನೋವಿಲ್ಲ, ತುರಿಕೆಯೂ ಇಲ್ಲ. ಹುಳ ತಿಂದಿದೆ, ಈರುಳ್ಳಿ ರಸ ಹಚ್ಚಿ ಅಂದರು ಪಕ್ಕದ ಮನೆಯವರು. ಅಲ್ಲಿ ಯಾವ ಹುಳವೂ ಇರುವುದಿಲ್ಲ. ರೋಗದಿಂದ ನಮ್ಮನ್ನು ಕಾಯಬೇಕಾದ ಟಿ-ಕಣಗಳೇ ಕೂದಲ ಬುಡದ ಮೇಲೆ ಬೀಳುತ್ತವೆ. ಮಾಮೂಲಿಯಾಗಿ ಆ ಬುಡ ಅವುಗಳ ಕಣ್ಣಿಗೆ ಬೀಳದ ಹಾಗೆ ಒಂದು ಮರೆ ಇರುತ್ತದೆ. ಆ ಮರೆ ಹೋದಾಗ ಜೇನುನೊಣ ಮುತ್ತಿದ ಹಾಗೆ ಮುತ್ತುತ್ತವೆ. ಕೂದಲು ತುಂಡಾಗುತ್ತದೆ, ಉದುರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಚರ್ಮದ ಡಾಕ್ಟರು ಪ್ಯಾಚಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಕೂದಲು ಬಂತು. ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಅಷ್ಟರಲ್ಲಿ ಕಿವಿಯ ಹಿಂದೆ ಇನ್ನೊಂದು. ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಕೂದಲು ತರಬಹುದು, ಬೇರೆ ಕಡೆ ಹೊಸ ಪ್ಯಾಚ್ ಏಳುವುದನ್ನು ತಡೆಯುವುದಿಲ್ಲ. “ಮೊದಲೇ” ಅನ್ನುವವರಿಗೆ ಇದಿಷ್ಟು ಅರ್ಥವಾದರೆ ಸಾಕು.

ಒಂದೆರಡು ಪ್ಯಾಚ್ ಇರುವವರಲ್ಲಿ ಬಹಳ ಜನರಿಗೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ. ಅವರ ಮನೆಯಲ್ಲಿ ಈರುಳ್ಳಿ ರಸಕ್ಕೆ ಹೆಸರು ಬರುತ್ತದೆ. ಕೆಲವರಿಗೆ ವರ್ಷಗಟ್ಟಲೆ ಬಂದು ಹೋಗುತ್ತಿರುತ್ತದೆ. ಸ್ವಲ್ಪ ಜನರಿಗೆ ಪ್ಯಾಚುಗಳು ಕೂಡಿಕೊಂಡು ಇಡೀ ತಲೆ ಬೋಳಾಗುತ್ತದೆ, ಅದು ಟೋಟಾಲಿಸ್. ಮೈಮೇಲಿನದೆಲ್ಲ ಹೋದರೆ ಯೂನಿವರ್ಸಾಲಿಸ್. ನನ್ನದು ಅದು. ಚಿಕ್ಕ ವಯಸ್ಸಿನಲ್ಲಿ ಶುರುವಾದರೆ, ಕತ್ತಿನ ಹಿಂದಿನಿಂದ ಕಿವಿಯವರೆಗೆ ಪಟ್ಟಿಯ ಹಾಗೆ ಹೋದರೆ, ಉಗುರಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಹರಡುವ ಸಂಭವ ಜಾಸ್ತಿ. ನನ್ನ ಉಗುರಿನಲ್ಲಿ ಗುಳಿ ಇತ್ತು. ಆದರೂ ಮೊದಲ ದಿನವೇ ಹೀಗಾಗುತ್ತದೆ ಅಂತ ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಪ್ಯಾಚ್ ಕಂಡರೆ ಖಂಡಿತ ತೋರಿಸಿ. ಆದರೆ ಹರಡಿದವರನ್ನು ಮಾತ್ರ ತಪ್ಪಿತಸ್ಥರ ಹಾಗೆ ನೋಡಬೇಡಿ.

ತಂಗಿಯ ಸೀಮಂತದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದ ಹೆಂಗಸೊಬ್ಬರು ನನ್ನ ಮುಂದೆ ನಿಂತರು. ನನ್ನ ತಲೆ ನೋಡಿದರು. ಪಕ್ಕದಲ್ಲಿದ್ದ ಚಿಕ್ಕಮ್ಮನ ಕಡೆ ಬಗ್ಗಿ, “ಇವರ ಯಜಮಾನರು ಇದ್ದಾರಾ?” ಅಂತ ಕೇಳಿದರು. ನನ್ನನ್ನಲ್ಲ, ಚಿಕ್ಕಮ್ಮನನ್ನು. ನನ್ನ ಮುತ್ತಜ್ಜಿಗೆ ಗಂಡ ಸತ್ತ ಮೇಲೆ ತಲೆ ಬೋಳಿಸಿದ್ದರು. ಅವರ ಫೋಟೋ ನಮ್ಮ ಮನೆಯಲ್ಲಿದೆ. ಆ ಕಾಲ ಮುಗಿಯಿತು ಅಂದುಕೊಂಡಿದ್ದೆ. ನಾನೇ ಕೈ ಚಾಚಿ ಕುಂಕುಮ ತೆಗೆದುಕೊಂಡು ಹಚ್ಚಿಕೊಂಡೆ. ಗಂಡ ಇಲ್ಲದಿದ್ದರೂ ಹಾಗೇ ಮಾಡುತ್ತಿದ್ದೆ.

ಎಲ್ಲರ ಕಣ್ಣೂ ತಲೆಯ ಮೇಲೆ. “ರೆಪ್ಪೆ ಇಲ್ಲದೆ ಹೇಗೆ ಓಡಾಡ್ತೀರಿ?” ಅಂತ ಯಾರೂ ಕೇಳಿಲ್ಲ. ಅದನ್ನು ಕೇಳಿ ಅಂತ ನನಗೆ ಆಸೆ. ಹುಬ್ಬಿಲ್ಲದಿದ್ದರೆ ಹಣೆಯ ಬೆವರು ನೇರ ಕಣ್ಣಿಗೆ ಇಳಿಯುತ್ತದೆ. ರೆಪ್ಪೆ ಕೂದಲಿಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಧೂಳೆಲ್ಲ ಒಳಗೆ. ಮೂಗಿನೊಳಗಿನ ಕೂದಲೂ ಹೋಗಿರುವುದರಿಂದ ಬಗ್ಗಿದರೆ ಸಾಕು, ಗೊತ್ತಾಗುವ ಮೊದಲೇ ಮೂಗು ಸೋರುತ್ತದೆ. ತಲೆ ಬೋಳಾಗಿದ್ದು ನನಗೆ ಅಭ್ಯಾಸವಾಗಿದೆ. ಇದು ಆಗಿಲ್ಲ.

ಬುಡ ಸತ್ತಿರುವುದಿಲ್ಲ, ಕಲೆಯೂ ಉಳಿಯುವುದಿಲ್ಲ. ಹಾಗಾಗಿ ಎಷ್ಟೋ ವರ್ಷದ ಮೇಲೂ ಕೂದಲು ಬರಬಹುದು. ಕಾಯಿಲೆ ಜೋರಾಗಿರುವ ದೊಡ್ಡವರಿಗೆ ಬ್ಯಾರಿಸಿಟಿನಿಬ್ ಮಾತ್ರೆ ಕೊಡಲು ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. 12 ವರ್ಷ ದಾಟಿದವರಿಗೆ ರಿಟ್ಲೆಸಿಟಿನಿಬ್, 2023ರಲ್ಲಿ. ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಸೋಂಕಿನ ಭಯವಿದೆ, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಉದುರುತ್ತದೆ. ನಾನಿನ್ನೂ ಶುರು ಮಾಡಿಲ್ಲ. ಮಾಡಿದರೆ ಜಡೆಗಾಗಿ ಅಲ್ಲ, ರೆಪ್ಪೆಗಾಗಿ ಅಂತ ಡಾಕ್ಟರಿಗೆ ಹೇಳಿದ್ದೇನೆ.