ಮಳೆಗಾಲ ಕಳೆದ ಮೇಲೆ ಗ್ರಾಮಫೋನ್ ಪ್ಲೇಟುಗಳು

ಶಿರಸಿಯ ಮಳೆಗಾಲ ಹಪ್ಪಳದ ಡಬ್ಬವನ್ನೇ ಬಿಡುವುದಿಲ್ಲ, ಇನ್ನು ಅಪ್ಪಯ್ಯನ ಕಾಲದ ಪ್ಲೇಟುಗಳನ್ನು ಬಿಟ್ಟೀತೇ? ದೀಪಾವಳಿಯ ಹೊತ್ತಿಗೆ ಕಪಾಟು ತೆರೆದು ಒಂದು ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಗೆರೆಗಳ ಮೇಲೆ ನವಿರಾದ ಬಿಳಿ ಎಳೆಗಳಂತೆ ಬೂಸಲು ಹಬ್ಬಿರುವುದು ಕಾಣುತ್ತದೆ. ಮುಳ್ಳು ಅಲ್ಲಿಗೆ ಬಂದಾಗ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು.

ತೊಳೆಯುವ ಮೊದಲು ಪ್ಲೇಟು ಯಾವುದರಿಂದ ಮಾಡಿದ್ದೆಂದು ತಿಳಿದಿರಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟುಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಹಳೆಯ 78 ಸುತ್ತಿನವು ಬಹುಪಾಲು ಅರಗಿನವು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ ಎಂಬುದನ್ನು ನಾನು ಕಲಿತದ್ದು, ಸ್ಪಿರಿಟ್ ಅದ್ದಿದ ಹತ್ತಿ ಕಪ್ಪಾಗಿ ಬಂದು ಒಂದು ಹಾಡಿನ ಅರ್ಧಭಾಗ ಅಳಿಸಿಹೋದ ಮೇಲೆ.

ಈಗ ನಾನು ಮೊದಲು ಜಗಲಿಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒಣ ಬೂಸಲನ್ನು ತೆಗೆಯುತ್ತೇನೆ. ಬಳಿಕ ಎಲ್‌ಪಿಯನ್ನು, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ಡಿಸ್ಟಿಲ್ಡ್ ವಾಟರಿನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ನಡುವಿನ ಲೇಬಲ್ ನೆನೆಯದಂತೆ, ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಬರಿಯ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ತೊಳೆಯುತ್ತೇನೆ. ನಮ್ಮ ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ (ಆಯಿ ಇದನ್ನು ಒಪ್ಪುವುದಿಲ್ಲ) ಆರಿದಾಗ ಅದರ ಲವಣ ಗೆರೆಯಲ್ಲೇ ಉಳಿಯುತ್ತದೆ.

ಬಿಸಿಲಿಗಿಟ್ಟರೆ ಪ್ಲೇಟು ಸೊಟ್ಟಗಾಗುವುದರಿಂದ ನೆರಳಲ್ಲೇ ಆರಿಸಬೇಕು. ಬೂಸಲು ಹಿಡಿದ ಒಳಕವರನ್ನು ಎಸೆದು, ಹೊಸದರಲ್ಲಿ ಹಾಕಿ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡುತ್ತೇನೆ. ಕಪಾಟನ್ನೂ ಈ ವರ್ಷ ತೇವ ಹೀರುವ ಮಣ್ಣಿನ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದ್ದೇನೆ.