ತಿಬೇರಿಯದ ದಡದ ಕೆಂಡ

ಯೇಸು ಸಾವಿನಿಂದ ಎದ್ದು ಬಂದುದನ್ನು ನೆನೆಯುವ ಪುನರುತ್ಥಾನದ ಹಬ್ಬ (ಈಸ್ಟರ್) ಒಂದೇ ದಿನಕ್ಕೆ ಮುಗಿಯುವುದಿಲ್ಲ. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದು ಬಂದುದನ್ನು ನೆನೆಯುವ ಪಂಚಾಶತ್ತಮ ಹಬ್ಬದವರೆಗೆ 50 ದಿನ ಅದರ ಕಾಲವೇ. ಆದರೆ ಹಬ್ಬದ ರಾತ್ರಿ ಕೈಯಲ್ಲಿ ಹಿಡಿದ ಮೇಣದ ಬತ್ತಿಯ ಬಿಸಿ ಹನಿ ಬೆರಳ ಮೇಲೆ ಆರುವಷ್ಟೇ ಬೇಗ ಮನಸ್ಸಿನ ಉತ್ಸಾಹವೂ ಆರುತ್ತದೆ. "ಕ್ರಿಸ್ತನು ಎದ್ದಿದ್ದಾನೆ" ಎಂದು ಹಾಡಿ ಬಂದ ನಾಲಗೆಯೇ ಮಂಗಳವಾರದ ಹೊತ್ತಿಗೆ "ನಾನು ಯಾತಕ್ಕಾಗಿ ಬದುಕಿದ್ದೇನೆ?" ಎಂದು ಗೊಣಗತೊಡಗುತ್ತದೆ. ಆಗ ನಾನು ತೆರೆಯುವುದು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು.

ಎದ್ದು ಬಂದ ಪ್ರಭು ಯೇಸುವನ್ನು ಕಣ್ಣಾರೆ ಕಂಡಿದ್ದ ಶಿಷ್ಯ ಪೇತ್ರನು ಅಲ್ಲಿ, ತಿಬೇರಿಯ ಸರೋವರದ ಬಳಿ, "ಮೀನು ಹಿಡಿಯಲು ಹೋಗುತ್ತೇನೆ" ಎನ್ನುತ್ತಾನೆ. ಪ್ರಸಂಗಗಳಲ್ಲಿ ಇದನ್ನು ಅಪನಂಬಿಕೆಯೆಂದು ಬಣ್ಣಿಸುವುದುಂಟು, ನನಗೆ ಹಾಗನ್ನಿಸುವುದಿಲ್ಲ. ಮುಂದೇನೆಂದು ತೋಚದವನು ಕೈಗೆ ಗೊತ್ತಿರುವ ಕೆಲಸಕ್ಕೆ ಮರಳುವುದು ಸಹಜ. ರಾತ್ರಿಯಿಡೀ ಬಲೆ ಬರಿದು. ಬೆಳಗಾಗುವಾಗ ದಡದಲ್ಲಿ ನಿಂತವನ ಮಾತಿನಂತೆ ದೋಣಿಯ ಬಲಗಡೆಗೆ ಬೀಸಿದಾಗ ಸಿಕ್ಕಿದ್ದು 153 ದೊಡ್ಡ ಮೀನು. 1ರಿಂದ 17ರವರೆಗಿನ ಸಂಖ್ಯೆಗಳನ್ನು ಕೂಡಿದರೆ ಇದೇ ಮೊತ್ತ ಬರುತ್ತದೆಂದು ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನು ಅದರಲ್ಲೊಂದು ಗೂಢಾರ್ಥ ಕಂಡನು. ನನಗೋ, ಪ್ರಭು ದಡದಲ್ಲಿ ಕಾದಿರುವಾಗಲೂ ಯಾರೋ ಕುಳಿತು ಮೀನು ಎಣಿಸಿದ್ದಾರೆ ಎಂಬುದೇ ಇಷ್ಟ.

ದಡದಲ್ಲಿ ಕೆಂಡ ಉರಿಯುತ್ತಿತ್ತು, ಅದರ ಮೇಲೆ ಮೀನಿತ್ತು, ಜೊತೆಗೆ ರೊಟ್ಟಿಯಿತ್ತು. ಈ ಕೆಂಡದ ಬೆಂಕಿಗೆ ಮೂಲ ಗ್ರೀಕಿನಲ್ಲಿರುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಮೊದಲನೆಯದು ಮಹಾಯಾಜಕನ ಅಂಗಳದಲ್ಲಿ, ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ತನ್ನ ಗುರುವನ್ನು ಮೂರು ಸಲ ಅಲ್ಲಗಳೆದ ರಾತ್ರಿ, ಎರಡನೆಯದು ಇಲ್ಲಿ. ಅದೇ ಇದ್ದಿಲಿನ ಹೊಗೆ ಮೂಗಿಗೆ ಬಡಿಯುತ್ತಿರುವಾಗ, ಊಟ ಬಡಿಸಿದ ಮೇಲೆ, ಯೇಸು ಕೇಳಿದ್ದು ಲೆಕ್ಕವನ್ನಲ್ಲ, ಕಾರಣವನ್ನೂ ಅಲ್ಲ. "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಮೂರು ಸಲ ಕೇಳಿದನು. ಮೂರನೆಯ ಸಲಕ್ಕೆ ಪೇತ್ರನು ನೊಂದುಕೊಂಡನೆಂದು ಸುವಾರ್ತೆ ಮುಚ್ಚಿಡದೆ ಹೇಳುತ್ತದೆ.

ನನ್ನ ಬದುಕಿನ ಉದ್ದೇಶವನ್ನು ತೋರಿಸೆಂದು ನಾನು ವರ್ಷಗಟ್ಟಲೆ ಪ್ರಾರ್ಥಿಸಿದ್ದೇನೆ. ಮನಸ್ಸಿನಲ್ಲಿದ್ದದ್ದು ಒಂದು ನಕ್ಷೆ: ಇಂಥ ಕೆಲಸ, ಇಂಥ ಊರು, ಇಂಥ ಸೇವೆ. ನನ್ನ ಹಳೆಯ ಸೋಲುಗಳು ಆ ನಕ್ಷೆಯ ಹೊರಗಿರಬೇಕೆಂದೂ ಬಯಸಿದ್ದೆ. ಹಾಸಿಗೆ ಹಿಡಿದಿದ್ದ ಗೆಳೆಯನೊಬ್ಬನನ್ನು ನೋಡಿಬರುತ್ತೇನೆಂದು ಮಾತು ಕೊಟ್ಟು, ಅಂಜಿಕೆಯಿಂದ ದಿನ ಮುಂದೂಡುತ್ತ, ಕೊನೆಗೆ ಹೋಗಿದ್ದು ಅವನ ಸಮಾಧಿಯ ಬಳಿಗೆ. ಅದು ನನ್ನ ಅಂಗಳದ ಬೆಂಕಿ. ಈಗ ವಾರಕ್ಕೊಮ್ಮೆ ಕಾಯಿಲೆಯವರ ಪಕ್ಕದಲ್ಲಿ ಕುಳಿತು ಕೀರ್ತನೆ ಓದುವ ಕೆಲಸವನ್ನು ನಾನು ಆರಿಸಿಕೊಂಡೆನೆಂದು ಹೇಳಲಾರೆ. ಆ ಬೆಂಕಿಯ ಬಳಿಗೇ ನನ್ನನ್ನು ಮರಳಿ ಕರೆದು ಕೂರಿಸಲಾಯಿತು, ಅಷ್ಟೆ. ಪೇತ್ರನಿಗೂ ಸಿಕ್ಕಿದ್ದು ನಕ್ಷೆಯಲ್ಲ, "ನನ್ನ ಕುರಿಗಳನ್ನು ಮೇಯಿಸು" ಎಂಬ ಒಂದು ಮಾತು. ಕುರಿಗಳು ಪೇತ್ರನವಲ್ಲ ಎಂಬುದನ್ನು ಗಮನಿಸಬೇಕು. ನನ್ನ ಸೇವೆ, ನನ್ನ ಕರೆ ಎಂದು ನಾವು ಸಲೀಸಾಗಿ ಆಡುವ ಮಾತುಗಳು ಈ ವಾಕ್ಯದ ಮುಂದೆ ಸ್ವಲ್ಪ ತಡವರಿಸುತ್ತವೆ.

ಇಷ್ಟಾದರೂ ಪೇತ್ರ ಪೇತ್ರನೇ. ಪ್ರಭುವಿನ ಹಿಂದೆ ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ತಿರುಗಿ ನೋಡಿ, ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ಕಂಡು, "ಸ್ವಾಮೀ, ಇವನ ವಿಷಯವೇನು?" ಎಂದು ಕೇಳಿಯೇಬಿಟ್ಟನು. ನಾನೂ ಕೇಳುತ್ತೇನೆ, ಪ್ರತಿ ವಾರ, ದೇವಾಲಯದ ಮುಂದಿನ ಸಾಲಿನಲ್ಲಿ ಕುಳಿತವರ ಬೆನ್ನು ನೋಡುತ್ತ. ಬರುವ ಉತ್ತರ ಅಂದಿನದೇ: "ಅದು ನಿನಗೇನು? ನೀನು ನನ್ನನ್ನು ಹಿಂಬಾಲಿಸು."