ಮಂದಿ ಅಂದಂಗ ನಾವು

ನಮ್ಮ ವಿಜಯಪುರ ಕಡೆ ಹೊಸಬರು ಸಿಕ್ರ ಮೊದಲ ಕೇಳೋದು ‘ಯಾರ ಪೈಕಿ?’ ಅಂತ, ಹೆಸರು ಆಮ್ಯಾಲೆ. ಮನೆತನ, ಓಣಿ, ಜಾತಿ ಗೊತ್ತಾತಂದ್ರ ನಾವು ಯಾರು ಅನ್ನೋದು ಅವರ ತಲ್ಯಾಗ ಫಿಕ್ಸ್ ಆಗ್ತದ, ಬರಬರ್ತಾ ನಮ್ಮ ತಲ್ಯಾಗೂ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಾಗ ಇದನ್ನ ಕನ್ನಡಿಗೆ ಹೋಲಿಸಿದ್ರು, ಮಂದಿ ನಮ್ಮನ್ನ ಹೆಂಗ ನೋಡ್ತಾರ ಅಂತ ಅನ್ಕೋತೀವೋ ಹಂಗ ನಮ್ಮನ್ನ ನಾವು ನೋಡ್ಕೋತೀವಂತ.

ನಮ್ಮ ಅಕ್ಕನ ಮಗಳು ಸಣ್ಣಾಕಿದ್ದಾಗ ಊಟಕ್ಕ ಕುಂತ್ರೂ ರೊಟ್ಟಿ ಕೈಯಾಗ ಹಿಡ್ಕೊಂಡು ನೂರೆಂಟು ಪ್ರಶ್ನೆ ಕೇಳಾಕಿ, ಬಂದ ಬೀಗರೆಲ್ಲಾ ‘ಹೆಣ್ಣುಹುಡುಗಿ ಇಷ್ಟ ಮಾತಾಡಬಾರದವ್ವ’ ಅಂದು ಅಂದು ಈಗ ಆಕಿನ ‘ನಾ ಮೊದ್ಲಿಂದ ಸೈಲೆಂಟ್ ಮಾಮಾ’ ಅಂತಾಳ. ಕೇಳಿ ಭಾಳ ಸಂಕಟ ಆತು, ಅದು ಆಕಿ ಸ್ವಭಾವ ಅಲ್ಲ, ನಾವು ಹೊರಿಸಿದ್ದು. ಈಗ ಯಾವ ಬೀಗರು ಕುಂತಿರ್ಲಿ, ‘ಏನರ ಕೇಳೋದಿದ್ರ ಕೇಳವ್ವಾ’ ಅಂತ ಎಲ್ಲಾರ ಮುಂದ ಜೋರಾಗೇ ಅಂತೀನಿ.